ಜಿಗಣಿಯಲ್ಲಿ ಎರಡು ಪಾಳಿಯ ಪ್ರಸಂಗ

ಜಿಗಣಿಯ ಹೊಸ ಚರ್ಚಿನಲ್ಲಿ ಅತಿಥಿ ಬೋಧಕನಾಗಿ ನಾನು ಗಂಭೀರವಾಗಿ ಪ್ರಸಂಗ ಮಾಡುತ್ತಿದ್ದಾಗ ಅರ್ಧ ಸಭೆ ಎದ್ದು ಹೊರನಡೆಯಿತು. ತೂಕಡಿಸುವವರು ನನಗೆ ಹಳಬರು. ಎದ್ದು ಹೋಗುವವರು ಹೊಸಬರು. ಪ್ರಸಂಗ ಅರ್ಧಕ್ಕೇ ನಿಲ್ಲಿಸಿ ಪಕ್ಕಕ್ಕೆ ತಿರುಗಿ ನೋಡಿದೆ.

“ಬೇಜಾರಾಗ್ಬೇಡಿ ಸಾರ್, ಸೆಕೆಂಡ್ ಶಿಫ್ಟ್‌ನವ್ರು ಡ್ಯೂಟಿಗೆ ಹೊರಟ್ರು ಅಷ್ಟೇ” ಎಂದು ಅಲ್ಲಿಯ ಪಾಸ್ಟರ್ ಹಾಡುಗಳನ್ನು ಶುರುಮಾಡಿಸಿದರು.

ಹಾಡು ಮುಗಿಯುವಷ್ಟರಲ್ಲಿ ಮೊದಲ ಪಾಳಿ ಮುಗಿಸಿದವರು ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದು ಖಾಲಿ ಕುರ್ಚಿಗಳನ್ನೆಲ್ಲ ತುಂಬಿದರು. ಕುರ್ಚಿ ಸಿಗದವರು ಗೋಡೆಗೊರಗಿ ನಿಂತರು. ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು ಎದ್ದು, “ಊಟಾ ಬಿಟ್ಟು ಬಂದೀವ್ರಿ, ಮೊದಲಿನಿಂದ ಹೇಳ್ರಿ” ಎಂದಳು. ಒಂದು ಮಾತೂ ಬಿಡದೆ ಹೇಳಿದೆ.

ಬೇಗ ಮುಗಿಸಿ ಎಂದವರನ್ನು ಬಹಳ ಕಂಡಿದ್ದೇನೆ; ಮೊದಲಿನಿಂದ ಹೇಳಿ ಎಂದವರು ಇವರು ಮಾತ್ರ. ಅಂದಿನ ಹೆಮ್ಮೆ ಪಾಪವಾದರೆ ದೇವರು ಕ್ಷಮಿಸಲಿ, ನಾನಂತೂ ಪಶ್ಚಾತ್ತಾಪ ಪಡಲಾರೆ.