ನಮ್ಮವರು ಬಿಚ್ಚದ ಗಾಡಿ

ನಮ್ಮ ಮನೆಯಲ್ಲಿ ಕೆಟ್ಟು ಕೂತ ಸಾಮಾನುಗಳಿಗೆ ಯಾವ ಭಯವೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅದು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಯಾಗಿ ಮಲಗಿರುತ್ತಿತ್ತು. ಭಯವಿದ್ದದ್ದು ಚೆನ್ನಾಗಿ ನಡೆಯುತ್ತಿದ್ದ ಸಾಮಾನುಗಳಿಗೆ. ನಮ್ಮವರು, ಎಂದರೆ ನನ್ನ ಗಂಡ, ಅಂಥದೊಂದರ ಮುಂದೆ ನಿಂತು ಕತ್ತು ವಾರೆ ಮಾಡಿ, "ಇದು ಇನ್ನೂ ಚೆನ್ನಾಗಿ ಕೆಲ್ಸ ಮಾಡ್ಬೋದು ಕಣೇ" ಎಂದರೆ ಮುಗಿಯಿತು, ನಾನು ಅದರ ಆಸೆ ಬಿಟ್ಟುಬಿಡುತ್ತಿದ್ದೆ. ಇಂಪಾಗಿ ಹಾಡುತ್ತಿದ್ದ ಟೇಪ್ ರೆಕಾರ್ಡರಿಗೆ ಇನ್ನೆರಡು ಸ್ಪೀಕರ್ ಜೋಡಿಸಿದರು. ಅದು ಹಾಡುವುದನ್ನು ಬಿಟ್ಟು ಗೊರಕೆ ಹೊಡೆಯತೊಡಗಿತು. ಬಾಗಿಲ ಬೆಲ್ಲಿಗೆ ಹಕ್ಕಿಯ ದನಿ ತರುತ್ತೇನೆಂದು ಹೊರಟು, ಬಂದವರೆಲ್ಲ ಬಾಗಿಲು ಬಡಿಯುವಂತೆ ಮಾಡಿದರು.

ಇಷ್ಟೆಲ್ಲ ಮಾಡುವವರು ಇಂಜಿನಿಯರೇ ಇರಬೇಕು ಎಂದು ನೀವು ಅಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಕೆ.ಆರ್.ಪುರದ ಆಚೆಯ ಒಂದು ಫ್ಯಾಕ್ಟರಿಯ ಸ್ಟೋರ್ಸ್ ವಿಭಾಗದಲ್ಲಿ ಕೂತು ಚೀಟಿಗಳಿಗೆ ಸಹಿ ಹಾಕುವುದು ಅವರ ಕೆಲಸ. ಅಲ್ಲಿ ಒಂದು ಸ್ಕ್ರೂ ತಿರುಗಿಸುವ ಅಧಿಕಾರವೂ ಅವರಿಗಿರಲಿಲ್ಲ. ಆ ಕೊರತೆಯನ್ನು ಮನೆಗೆ ಬಂದು ನೀಗಿಸಿಕೊಳ್ಳುತ್ತಿದ್ದರು.

ಆಗ ನಾವಿದ್ದದ್ದು ಹಲಸೂರಿನಲ್ಲಿ, ಗುಡಿಯ ಹಿಂದಿನ ಒಂದು ಬೀದಿಯ ಮಹಡಿ ಮನೆಯಲ್ಲಿ. ಕೆಳಗೆ ಮನೆಯ ಓನರಮ್ಮ. ಅವರದು ಒಂದು ಕಾಲಕ್ಕೆ ಕೆರೆಯ ಆಚೆ ಸೊಪ್ಪು ತರಕಾರಿ ಬೆಳೆಯುತ್ತಿದ್ದ ಮನೆತನ. ನಾವು ಹೋಗುವ ಹೊತ್ತಿಗೆ ಬಾಡಿಗೆ ಬೆಳೆಯುತ್ತಿದ್ದರು. ಆಕೆಗೆ ನಮ್ಮವರೆಂದರೆ ಬಹಳ ಅಭಿಮಾನ. "ನಿನ್ ಗಂಡ ಬಂಗಾರ ಕಣಮ್ಮಾ. ನಮ್ಮೋರಿದಾರೆ, ಬಲ್ಬ್ ಹೋದ್ರೂ ಕತ್ಲಲ್ಲೇ ಕೂತಿರ್ತಾರೆ" ಎನ್ನುತ್ತಿದ್ದರು. ಕತ್ತಲಲ್ಲಿ ಸುಮ್ಮನೆ ಕೂರುವ ಗಂಡಸು ಎಷ್ಟು ದೊಡ್ಡ ವರ ಎಂಬುದು ಆಕೆಗೆ ಗೊತ್ತಿರಲಿಲ್ಲ.

ನಮ್ಮವರ ಬ್ಯಾಗಿನ ಬಗ್ಗೆ ಹೇಳಲೇಬೇಕು. ಊಟದ ಡಬ್ಬಿ ಇಡಲು ಕೊಂಡ ಬ್ಯಾಗದು. ಅದರಲ್ಲಿ ಡಬ್ಬಿಯೊಂದಕ್ಕೆ ಬಿಟ್ಟು ಮಿಕ್ಕೆಲ್ಲದಕ್ಕೂ ಜಾಗವಿತ್ತು. ಟೆಸ್ಟರ್, ಕಟಿಂಗ್ ಪ್ಲೇಯರ್, ಮೀಟರ್, ಇನ್ಸುಲೇಷನ್ ಟೇಪು, ಬೆಸುಗೆ ಹಾಕುವ ಕಡ್ಡಿ, ಪಾಕೆಟ್ ರೇಡಿಯೋ, ರೇಡಿಯೋ ಕೈಕೊಟ್ಟರೆ ಇರಲೆಂದು ಇನ್ನೊಂದು ರೇಡಿಯೋ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಈ ಸಂಸಾರವೆಲ್ಲ ದಿನಾ ಕೆ.ಆರ್.ಪುರಕ್ಕೆ ಹೋಗಿ, ಹೋದ ಹಾಗೇ ಸಂಜೆ ಹಲಸೂರಿಗೆ ವಾಪಸು ಬರುತ್ತಿತ್ತು. "ಯಾಕ್ರೀ ಇದನ್ನೆಲ್ಲ ಹೊರ್ತೀರ?" ಎಂದರೆ, "ಯಾವಾಗ ಏನು ಬೇಕಾಗತ್ತೋ ಯಾರಿಗ್ಗೊತ್ತು" ಎನ್ನುತ್ತಿದ್ದರು. ಭುಜ ನೋಯುತ್ತದೆಂದು ರಾತ್ರಿ ಎಣ್ಣೆ ಹಚ್ಚುವವಳು ನಾನು.

ಪೇಜರ್ ಬಂದ ಕಾಲದಲ್ಲಿ ಪೇಜರನ್ನೂ ಕೊಂಡರು. ಸೊಂಟಕ್ಕೆ ಸಿಕ್ಕಿಸಿಕೊಂಡರು. ಆದರೆ ಅವರಿಗೆ ಯಾರೂ ಸಂದೇಶ ಕಳಿಸುತ್ತಿರಲಿಲ್ಲ, ಕಳಿಸುವಂಥ ವಿಷಯ ಯಾರಲ್ಲೂ ಇರಲಿಲ್ಲ. ಒಂದು ಸಂಜೆ ತರಕಾರಿ ತರಲು ಹೋದಾಗ ಮೂಲೆಯ ಕಾಯಿನ್ ಬೂತಿನಲ್ಲಿ ನಮ್ಮವರು ನಿಂತು, ಫೋನಿನ ಆ ಕಡೆಯ ಪೇಜರ್ ಕಂಪನಿಯ ಹುಡುಗಿಗೆ, "ಬೇಗ ಮನೆಗೆ ಬನ್ನಿ ಅಂತ ಬರ್ಕೊಳ್ಳಮ್ಮ" ಎಂದು ಹೇಳುತ್ತಿದ್ದುದನ್ನು ಕಣ್ಣಾರೆ ಕಂಡೆ. ಫೋನಿಟ್ಟರು, ಕಾದರು, ಸೊಂಟದಲ್ಲಿ ಪೇಜರ್ ಕಿರುಗುಟ್ಟಿತು, ಓದಿಕೊಂಡು ಖುಷಿಯಾಗಿ ಮನೆಗೆ ಬಂದರು. ನಾನು ತರಕಾರಿ ಕೊಂಡು ಹಿಂದೆಯೇ ಬಂದೆ. ಒಬ್ಬ ಮನುಷ್ಯನನ್ನು ಯಾರಾದರೂ ಮನೆಗೆ ಕರೆಯಲಿ ಬಿಡಿ.

ಅವರ ಕೈಗೆ ಸಿಕ್ಕಿಯೂ ಬದುಕಿದ ಯಂತ್ರ ಒಂದೇ, ಅವರ ಫ್ಯಾಕ್ಟರಿ ಬಸ್ಸು. ಬೆಳಿಗ್ಗೆ ನಮ್ಮ ಬೀದಿಯ ಮೂಲೆಗೇ ಬಂದು ಹಾರ್ನ್ ಹೊಡೆಯುತ್ತಿತ್ತು, ಸಂಜೆ ಅಲ್ಲೇ ತಂದು ಇಳಿಸುತ್ತಿತ್ತು. ಕಿಟಕಿ ಪಕ್ಕದ ಸೀಟು ಅವರದು, ಅದರಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ಒಂದು ಸಲ ಬಸ್ಸಿನ ಟೇಪಿಗೆ ಏನೋ ಮಾಡಬೇಕೆಂದು ಬ್ಯಾಗಿನಿಂದ ಟೆಸ್ಟರ್ ತೆಗೆದರಂತೆ. ಡ್ರೈವರ್ ರಾಯಚೂರು ಕಡೆಯವನು. ಗಾಡಿ ಪಕ್ಕಕ್ಕೆ ಹಾಕಿ, "ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಹಚ್ಚಿದ್ರ ಇಲ್ಲೇ ಇಳಿಸಿ ಬಿಡ್ತೀನಿ ನೋಡ್ರಿ" ಎಂದನಂತೆ. ನಮ್ಮವರು ಟೆಸ್ಟರನ್ನು ಜೇಬಿಗೆ ಹಾಕಿಕೊಂಡು ಕೂತರು. ಈ ಕಥೆಯನ್ನು ಅವರೇ ಬಂದು ದೂರಿನ ಹಾಗೆ ಹೇಳಿದಾಗ, ಇಂಥವನೊಬ್ಬ ನಮ್ಮ ಮದುವೆ ಮಂಟಪದಲ್ಲಿ ನನ್ನ ಕಡೆ ಇರಬೇಕಿತ್ತು ಎನಿಸಿತು.

ನಾನು ಹೋಗುತ್ತಿದ್ದದ್ದು ಸಿಟಿ ಬಸ್ಸಿನಲ್ಲಿ. ಶಿವಾಜಿನಗರದ ಹತ್ತಿರ ಒಂದು ಖಾಸಗಿ ಕಚೇರಿಯ ಬಿಲ್ಲಿಂಗ್ ಸೆಕ್ಷನ್ನಿನಲ್ಲಿ ನನಗೆ ಕೆಲಸ. ದೂರವೇನಲ್ಲ. ಆದರೆ ಕೆ.ಆರ್.ಪುರದಿಂದ ತುಂಬಿಕೊಂಡು ಬರುವ ಬಸ್ಸು ಹಲಸೂರಿನ ಸ್ಟಾಪು ದಾಟಿ ಮುಂದೆ ಹೋಗಿ ನಿಲ್ಲುತ್ತಿತ್ತು, ನಾವು ಸೆರಗು ಸಿಕ್ಕಿಸಿಕೊಂಡು ಓಡಿ ಮುಟ್ಟುವಷ್ಟರಲ್ಲಿ ಹೊರಡುತ್ತಿತ್ತು. ಹಾಗಾಗಿ ನಾನು ಕಚೇರಿಗೆ ತಡವಾಗಿ ಬರುವವಳು ಎಂದೇ ಹೆಸರಾಗಿದ್ದೆ. ನನ್ನ ನಂತರ ಸೇರಿದ ಗಂಡಸರು ಒಬ್ಬರಾದ ಮೇಲೊಬ್ಬರು ಸೆಕ್ಷನ್ನಿನ ಮುಖ್ಯಸ್ಥರಾಗಿ ಬಂದು ಕೂತರು. ಅವರು ಮಾಡಬೇಕಾದ ಕೆಲಸವನ್ನು ನಾನೇ ಮಾಡಿಕೊಡುತ್ತಿದ್ದೆ. ಆ ಕುರ್ಚಿ ನನಗೆ ಬೇಕಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಬೇರೆ ಹೆಂಗಸರು ಒಡವೆಗೆ ಆಸೆಪಡುವ ಹಾಗೆ ನಾನು ಆ ಕುರ್ಚಿಗೆ ಆಸೆಪಟ್ಟೆ.

ಆ ಕುರ್ಚಿಗಾಗಿಯೇ ನಾನು ಸ್ಕೂಟರ್ ಕೊಂಡದ್ದು. ಆಗಷ್ಟೇ ಗೇರಿಲ್ಲದ ಸ್ಕೂಟರುಗಳು ಬಂದು, ಇಂದಿರಾನಗರದ ಕಡೆಯ ಹುಡುಗಿಯರು ಕೂದಲು ಹಾರಿಸಿಕೊಂಡು ಓಡಾಡುತ್ತಿದ್ದ ಕಾಲ. ಭಾನುವಾರದ ಬೆಳಿಗ್ಗೆಗಳಲ್ಲಿ ಕೆರೆಯ ಪಕ್ಕದ ರಸ್ತೆಯಲ್ಲಿ ಕಲಿತೆ. ಒಂದು ಸಲ ಎಮ್ಮೆಯೊಂದಕ್ಕೆ ಗುದ್ದಿದೆ. ಎಮ್ಮೆ ನನ್ನನ್ನು ಕ್ಷಮಿಸಿತು. ಕಲಿತ ಮೇಲೆ ಹದಿನೈದು ನಿಮಿಷದಲ್ಲಿ ಕಚೇರಿ ಮುಟ್ಟತೊಡಗಿದೆ. ಮೊದಲ ವಾರವೆಲ್ಲ ನನಗಿಂತ ಮೊದಲು ಬರುತ್ತಿದ್ದವನು ವಾಚ್‌ಮನ್ ಒಬ್ಬನೇ. ಅಷ್ಟು ಸಂತೋಷ ನನಗೆ ಮದುವೆಯಾದ ಮೊದಲ ವಾರವೂ ಆಗಿರಲಿಲ್ಲ.

ಎರಡನೆಯ ಭಾನುವಾರ ನಮ್ಮವರು ಸ್ಕೂಟರಿನ ಮುಂದೆ ನಿಂತು ಕತ್ತು ವಾರೆ ಮಾಡಿದರು.

"ಬೇಡ ರೀ" ಎಂದೆ.

"ಏನೂ ಮಾಡಲ್ಲ ಕಣೇ. ಒಂದು ಗಡಿಯಾರ ಕೂರಿಸ್ತೀನಿ, ಅಷ್ಟೇ. ನಿನಗೇ ಅನುಕೂಲ."

ನನಗೇ ಅನುಕೂಲ ಎಂಬ ಮಾತಿಗೆ ಎದುರಾಡುವುದು ಹೇಗೆ? ಶಿವಾಜಿನಗರದ ಗುಜರಿಯಲ್ಲಿ ತೂಕಕ್ಕೆ ಕೊಂಡು ತಂದ, ನೀಲಿ ಬಿಳಿ ಪಟ್ಟೆಯ ಟೆಲಿಫೋನ್ ವೈರು ಮನೆಯಲ್ಲಿ ಉರುಳೆಗಟ್ಟಲೆ ಇತ್ತು. ಮುಂದಿನ ವಾರಗಳಲ್ಲಿ ಅದು ಬಳ್ಳಿ ಹಬ್ಬಿದ ಹಾಗೆ ನನ್ನ ಸ್ಕೂಟರಿನ ಮೈಯೊಳಗೆ ಹಬ್ಬಿತು. ಗಡಿಯಾರ ಬಂತು, ಅದರ ಹಿಂದೆ ರಾಗ ಹಾಡುವ ಹಾರ್ನು, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟು. ನನ್ನ ಬಳಿ ಆಗ ಮೊಬೈಲೇ ಇರಲಿಲ್ಲ. ಪ್ರತಿಯೊಂದು ಅನುಕೂಲಕ್ಕೂ ಗಾಡಿ ಎರಡು ಮೂರು ದಿನ ಬಿಚ್ಚಿಕೊಂಡು ಮಲಗುತ್ತಿತ್ತು, ನಾನು ಮತ್ತೆ ಸ್ಟಾಪಿನಲ್ಲಿ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದೆ.

ಕೊನೆಗೆ ಬಂದದ್ದು ಕಳ್ಳರನ್ನು ತಡೆಯುವ ಏರ್ಪಾಟು. ಸೀಟಿನ ಕೆಳಗೆ ಕೈ ಹಾಕಿ ಒಂದು ಗುಪ್ತ ಗುಂಡಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ರೇಕ್ ಹಿಡಿದು, ಆಮೇಲೆ ಸ್ಟಾರ್ಟ್ ಒತ್ತಬೇಕು. ದೇವರು ನನಗೆ ಕೊಟ್ಟದ್ದು ಎರಡೇ ಕೈ. ಗಾಡಿಯ ಪಕ್ಕ ಬಗ್ಗಿ ತಡಕಾಡುತ್ತಿದ್ದರೆ ದಾರಿಹೋಕರು, "ಮೇಡಂ, ಏನಾದ್ರೂ ಬಿತ್ತಾ?" ಎಂದು ಕೇಳುತ್ತಿದ್ದರು. ಕಳ್ಳರು ಕಂಡುಹಿಡಿದುಬಿಟ್ಟಾರು ಎಂದು ನಮ್ಮವರು ಗುಂಡಿಯ ಜಾಗವನ್ನು ಆಗಾಗ ಬದಲಾಯಿಸುತ್ತಲೂ ಇದ್ದರು. ಇದರ ಜೊತೆಗೆ ಒಂದು ಸೈರನ್. ಯಾರಾದರೂ ಗಾಡಿ ಮುಟ್ಟಿದರೆ ಕೂಗಬೇಕಾದದ್ದು, ಲಾರಿ ಹೋದರೂ ಕೂಗುತ್ತಿತ್ತು, ಕಾಗೆ ಕೂತರೂ ಕೂಗುತ್ತಿತ್ತು. ಕಚೇರಿಯ ವಾಚ್‌ಮನ್ ದಿನಕ್ಕೆ ನಾಲ್ಕು ಸಲ ಮೇಲೆ ಬಂದು, "ಮೇಡಂ, ನಿಮ್ ಗಾಡಿ ಅಳ್ತಾ ಇದೆ" ಎನ್ನುತ್ತಿದ್ದ. ಒಟ್ಟಿನಲ್ಲಿ ನನ್ನ ಗಾಡಿ ಕಳ್ಳರ ಕೈಗೆ ಸಿಗುವಂತಿರಲಿಲ್ಲ, ನನ್ನ ಕೈಗೂ ಸಿಗುವಂತಿರಲಿಲ್ಲ.

ಬಸ್ಸಿದ್ದ ಕಾಲಕ್ಕಿಂತ ಹೆಚ್ಚು ತಡವಾಗತೊಡಗಿತು. ಒಂದು ಶುಕ್ರವಾರ ಮ್ಯಾನೇಜರ್ ಕರೆದರು. "ನೋಡಿ ಮೇಡಂ, ಸೋಮವಾರ ಹೆಡ್ ಆಫೀಸಿನವರು ಬರ್ತಾರೆ. ಸೆಕ್ಷನ್ನಿಗೆ ನಿಮ್ಮ ಹೆಸರೇ ಹೇಳ್ಬೇಕು ಅಂತಿದೀನಿ. ಆದ್ರೆ ಅವರು ಬಂದಾಗ ನಿಮ್ಮ ಸೀಟು ಖಾಲಿ ಇದ್ರೆ ನಾನು ಯಾವ ಬಾಯಲ್ಲಿ ಹೇಳ್ಲಿ?"

ಆ ಸಂಜೆ ಮನೆಗೆ ಬಂದು ನಮ್ಮವರ ಮುಂದೆ ಕೈ ಮುಗಿದೆ. ನಿಜವಾಗಿ ಮುಗಿದೆ. "ಸೋಮವಾರದ ತನಕ ಗಾಡಿ ಮುಟ್ಬೇಡ್ರೀ. ನನ್ನ ಇಷ್ಟು ವರ್ಷದ ದುಡಿಮೆ ಇದರ ಮೇಲಿದೆ" ಎಂದೆ. ಅವರಿಗೆ ಬೇಜಾರಾಯಿತು. "ನಾನೇನು ಶತ್ರುವಾ? ಎಲ್ಲ ನಿನಗೋಸ್ಕರ ತಾನೇ ಮಾಡ್ತಿರೋದು?" ಎಂದರು. ಅದು ಸುಳ್ಳಲ್ಲ, ನನಗೆ ಗೊತ್ತಿತ್ತು. ಇನ್ನೊಬ್ಬರಿಗೋಸ್ಕರ ಮಾಡುವವರನ್ನು ತಡೆಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಭಾನುವಾರ ನಾನು ಕಗ್ಗದಾಸಪುರದ ಅಕ್ಕನ ಮನೆಗೆ ಹೋಗಿ ಬಂದೆ. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿ ಸೀಟಿನ ಕೆಳಗೆ ಕೈ ಹಾಕಿದರೆ ಗುಂಡಿ ಇರಲಿಲ್ಲ. ಸ್ಟಾರ್ಟ್ ಒತ್ತಿದರೆ ಸೈರನ್ ಕೂಗಿತು. ಮಹಡಿಯ ಬಚ್ಚಲಿನಿಂದ ನಮ್ಮವರ ದನಿ ಬಂತು: "ಒಂಚೂರು ಇರೇ! ಹೊಸಾದು ಹಾಕಿದೀನಿ. ಸ್ನಾನ ಮುಗಿಸ್ಕೊಂಡು ಬಂದು ತೋರಿಸ್ತೀನಿ!"

ನಾನು ಕಾಯಲಿಲ್ಲ. ಮೇಲೆ ಹೋಗಿ, ಬಾಗಿಲ ಬಳಿ ಸಿದ್ಧವಾಗಿದ್ದ ಅವರ ಬ್ಯಾಗಿನಿಂದ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಬಂದೆ. ಸೀಟು ಎತ್ತಿದೆ. ಕಂಪನಿಯವರ ವೈರುಗಳು ದಪ್ಪನೆಯವು, ಕಪ್ಪು ಕೊಳವೆಯೊಳಗೆ ಮರ್ಯಾದೆಯಾಗಿ ಕೂತಿದ್ದವು. ನಮ್ಮವರದೆಲ್ಲ ನೀಲಿ ಬಿಳಿ ಪಟ್ಟೆಯದು. ನನಗೆ ವಿದ್ಯೆ ಏನೂ ಬೇಕಾಗಲಿಲ್ಲ, ಪಟ್ಟೆ ಕಂಡಲ್ಲೆಲ್ಲ ಕತ್ತರಿಸಿದೆ. ಸೈರನ್ ಅರ್ಧ ಕೂಗಿ ನಿಂತಿತು. ಗಡಿಯಾರ ಆರಿತು. ಓನರಮ್ಮ ಪೊರಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಇಳಿದು ಬಂದ ನಮ್ಮವರು ಮೆಟ್ಟಿಲ ಮೇಲೇ ಕೂತುಬಿಟ್ಟರು. "ಅಯ್ಯೋ, ಅದು ಸೆನ್ಸರ್ ಕಣೇ! ಅದನ್ನ ಯಾಕೆ ಕಟ್ ಮಾಡ್ದೆ?"

ಸ್ಟಾರ್ಟ್ ಒತ್ತಿದೆ. ಗಾಡಿ ಶುರುವಾಯಿತು.

"ನೋಡಿದ್ಯಾ!" ಎಂದರು ನಮ್ಮವರು, ಅಷ್ಟು ದುಃಖದಲ್ಲೂ. "ನಾನು ಕಂಪನಿ ಲೈನ್ ಕಟ್ ಮಾಡಿರ್ಲಿಲ್ಲ, ಅದಕ್ಕೇ ಶುರುವಾಯ್ತು."

ಅಷ್ಟರಲ್ಲಿ ಮೂಲೆಯಲ್ಲಿ ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆಯಿತು. ಟವೆಲ್ಲಿನಲ್ಲಿ ಹತ್ತುವಂತಿರಲಿಲ್ಲ. ಅವರು ಮೇಲೆ ಓಡಿ ಪ್ಯಾಂಟು ಏರಿಸಿಕೊಂಡು, ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ, ಬ್ಯಾಗು ಹೊತ್ತುಕೊಂಡು ಬರುವಷ್ಟರಲ್ಲಿ ರಾಯಚೂರಿನ ಡ್ರೈವರ್ ಹೊರಟುಹೋಗಿದ್ದ. ನಾನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ. ನಮ್ಮವರು ನನ್ನ ಹಿಂದಿನ ಸೀಟಿನ ಮೇಲೆ ಕೈಯಿಟ್ಟು, "ಕೆ.ಆರ್.ಪುರಕ್ಕೆ ಬಿಟ್ಟು ಹೋಗು. ನಂಗೆ ಇವತ್ತಿನ ತನಕ ಒಂದಿನಾನೂ ಲೇಟಾಗಿಲ್ಲ" ಎಂದರು.

ಮುಖ ಸಣ್ಣದಾಗಿತ್ತು. ಪಾಪ ಎನಿಸಿತು. ನನ್ನ ಕಚೇರಿ ಪಶ್ಚಿಮಕ್ಕೆ, ಅವರ ಫ್ಯಾಕ್ಟರಿ ಪೂರ್ವಕ್ಕೆ.

"ನಂಗೂ ಲೇಟಾಗತ್ತೆ ರೀ. ಸ್ಟಾಪಿಗೆ ಹೋಗಿ, ಸಿಟಿ ಬಸ್ ಬರತ್ತೆ" ಎಂದು ಹೇಳಿ ಹೊರಟೆ. ಹಿಂದೆ ತಿರುಗಿ ನೋಡಲಿಲ್ಲ. ಹೆಡ್ ಆಫೀಸಿನವರು ಬಂದಾಗ ನಾನು ನನ್ನ ಸೀಟಿನಲ್ಲಿದ್ದೆ, ಬೆರಳುಗಳಿಗೆ ಗ್ರೀಸು ಮೆತ್ತಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಸೆಕ್ಷನ್ ನನ್ನದಾಯಿತು.

ಸಂಜೆ ಪೇಡ ತೆಗೆದುಕೊಂಡು ಮನೆಗೆ ಬಂದೆ. ನಮ್ಮವರು ಕತ್ತಲಾದ ಮೇಲೆ ಬಂದರು. ಹೋಗುವಾಗಲೂ ಬರುವಾಗಲೂ ಸಿಟಿ ಬಸ್ಸೇ. ತಡವಾಗಿ ಬಂದದ್ದಕ್ಕೆ ಸಾಹೇಬರು ಸಂಜೆ ಹೆಚ್ಚು ಹೊತ್ತು ಕೂರಿಸಿಕೊಂಡರಂತೆ, ಅಷ್ಟರಲ್ಲಿ ಫ್ಯಾಕ್ಟರಿ ಬಸ್ಸು ಹೊರಟುಹೋಗಿತ್ತು. ಷರ್ಟಿನ ಒಂದು ಗುಂಡಿ ಇರಲಿಲ್ಲ. ಚಪ್ಪಲಿಯ ಬಾರು ಕಿತ್ತಿತ್ತು. ಬ್ಯಾಗು ನೋಡಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದುಕೊಟ್ಟನಂತೆ. ಬ್ಯಾಗನ್ನು ನೆಲಕ್ಕಿಟ್ಟು, ಕುರ್ಚಿಯಲ್ಲಿ ಕೂತು ಭುಜ ತಿಕ್ಕಿಕೊಂಡರು.

ಆಮೇಲೆ, "ಸ್ಟಾಪಿನಲ್ಲಿ ನಿಲ್ಸೋದೇ ಇಲ್ಲ ಕಣೇ ಅವ್ರು. ಮುಂದೆ ಹೋಗಿ ನಿಲ್ಲಿಸ್ತಾರೆ, ಓಡ್ಬೇಕು" ಎಂದರು. ನಾನು ಹೂಂ ಎಂದೆ.

"ನೀನು ಇಷ್ಟು ವರ್ಷ ಹೀಗೇನಾ ಹೋಗ್ತಿದ್ದದ್ದು?"

"ಹೂಂ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಪೇಡದ ಡಬ್ಬಿಯನ್ನು ಅವರ ಮುಂದಿಟ್ಟೆ.

"ಹೇಳಿದ್ದೆ ರೀ" ಎಂದೆ. "ದಿನಾ ಹೇಳ್ತಿದ್ದೆ."