ಉಮ್ಮತ್ತೂರಿಗೆ ಓದಲು ಬಂದವನು

ಖಾರ ತಾಗಿದರೆ ಅವನ ಎರಡು ಕಿವಿಗಳೂ ತುದಿಯಿಂದ ಬುಡದವರೆಗೆ ಕೆಂಪಾಗುತ್ತಿದ್ದವು. ಉಪ್ಪುಸಾರು ಮಾಡಿದ ದಿನವಂತೂ ನಮ್ಮತ್ತೆ ಬಡಿಸುವುದನ್ನು ಬಿಟ್ಟು ಆ ಕಿವಿಗಳನ್ನೇ ನೋಡುತ್ತ ಕೂರುತ್ತಿದ್ದರು. "ಸಾಕು ಕಣಮ್ಮಿ" ಎಂದು ಅವನು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಅತ್ತೆ ಕಿರಿಯಳಾದ ನನ್ನನ್ನು ಕರೆಯುವುದನ್ನು ಕೇಳಿ ಕಲಿತ ಮಾತು ಅದು. ಅವರಿಗೇ ತಿರುಗಿಸಿ ಹೇಳಿದಾಗ ಮಾವನವರೂ ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ಸೆಕೆಯ ನಾಡಿನಲ್ಲಿ ರೇಷ್ಮೆಹುಳು ಸಾಕುವ ವಿದ್ಯೆ ಕಲಿಯಲು ಜಪಾನಿನಿಂದ ಬಂದ ಹುಡುಗ. ಐವತ್ತರ ದಶಕದ ಮಾತು. ಚಾಮರಾಜನಗರದ ಅಧಿಕಾರಿಯೊಬ್ಬರು ಅವನನ್ನು ಉಮ್ಮತ್ತೂರಿನ ನಮ್ಮ ಮನೆಯ ಜಗಲಿಗೆ ತಂದು ಬಿಟ್ಟಿದ್ದರು. ನಾನೂ ಆಗಷ್ಟೇ ಬೇಗೂರಿನಿಂದ ಸೊಸೆಯಾಗಿ ಬಂದವಳು. ಎಲ್ಲಿ ಕೂರಬೇಕು, ಯಾವ ಬಾಗಿಲು ದಾಟಬಾರದು ಎಂದು ಇಬ್ಬರೂ ಅತ್ತೆಯ ಮುಖ ನೋಡಿಯೇ ತಿಳಿಯಬೇಕಿತ್ತು. "ನಾವಿಬ್ರೂ ಒಸಬ್ರು ಅಕ್ಕ" ಎಂದಿದ್ದ ಒಮ್ಮೆ. ರಾತ್ರಿ ತಿಗಣೆ ಕಚ್ಚಿ ಮೈಯೆಲ್ಲ ದದ್ದೆದ್ದರೂ ದೂರಲಿಲ್ಲ. ತನ್ನ ಚಾಪೆಯನ್ನು ಮಾತ್ರ ಜಗಲಿಯಲ್ಲೇ ಸುತ್ತಿಡುತ್ತಿದ್ದ, ಒಳಗೆ ತರುತ್ತಿರಲಿಲ್ಲ. ಏಕೆಂದು ನಾವು ಕೇಳಲಿಲ್ಲ.

ಹುಳುಗಳು ಕಡೆಯ ಪೊರೆ ಕಳಚಿ, ಹಗಲಿರುಳೂ ಸೊಪ್ಪು ಮೇಯುತ್ತಿದ್ದ ದಿನಗಳು. ಅವನು ಸಂತೆ ನೋಡಲು ಗುಂಡ್ಲುಪೇಟೆಗೆ ಹೋಗಿದ್ದ. ಮಳೆ ಬಂದು ಸೊಪ್ಪೆಲ್ಲ ನೆನೆಯಿತು. ಒದ್ದೆ ಸೊಪ್ಪು ಹುಳುವಿಗೆ ಆಗದು. ಅತ್ತೆ ಜಗಲಿಯಿಂದ ಅವನ ಚಾಪೆ ಎಳೆದು ತಂದು ನಡುಮನೆಯಲ್ಲಿ ಹಾಸಿ, ಸೊಪ್ಪು ಹರವಿ, ನೀರಾರಿದ ಮೇಲೆ ಹುಳುಗಳಿಗೆ ಹಾಕಿದರು. ಸಂಜೆಯ ಹೊತ್ತಿಗೆ ಹುಳುಗಳು ತಲೆಯೆತ್ತಿ ಒದ್ದಾಡುತ್ತ ಹಸಿರು ನೀರು ಕಕ್ಕತೊಡಗಿದವು.

ಮುಟ್ಟಾದವರು ಹುಳದ ಮನೆಯ ಹೊಸ್ತಿಲು ತುಳಿಯಬಾರದೆಂದು ನಮ್ಮಲ್ಲಿ ಕಟ್ಟು. ಅತ್ತೆ ತಿರುಗಿ ನನ್ನನ್ನು ನೋಡಿದರು.

"ಮುಟ್ಟಾಗಿದ್ರೂ ಏಳ್ದೆ ಒಳೀಕ್ ಬಂದ್ಬುಟ್ಟವ್ಳೆ ಇವ್ಳು!"

ನಾನು ಮುಟ್ಟಾಗಿರಲಿಲ್ಲ. ಹೇಳಿದೆ, ಯಾರೂ ನಂಬಲಿಲ್ಲ. ಮಾವ ನನ್ನ ಗಂಡನಿಗೆ, "ಬೆಳಿಗ್ಗೆ ಮೊದಲ್ನೇ ಬಸ್ಗೆ ಬೇಗೂರ್ಗೆ ಕರ್ಕೊಂಡೋಗಿ ಬುಟ್ಬುಟ್ ಬಾಲಾ. ಈ ಮನ್ಗೆ ಇನ್ ಬ್ಯಾಡ" ಎಂದರು. ಗಂಡ ತಲೆಯೆತ್ತಲಿಲ್ಲ. ಹುಳು ಕೊಂದವಳೆಂಬ ಹೆಸರು ಹೊತ್ತು ತವರಿನ ಬಾಗಿಲಲ್ಲಿ ಹೇಗೆ ನಿಲ್ಲಲಿ?

ಅಷ್ಟರಲ್ಲಿ ಅವನು ಬಸ್ಸಿಳಿದು ಬಂದ. ಹುಳುಗಳನ್ನು ನೋಡಿದ. ನಡುಮನೆಯ ಚಾಪೆಯನ್ನೂ ಅದರ ಮೇಲೆ ಉಳಿದಿದ್ದ ಸೊಪ್ಪನ್ನೂ ನೋಡಿದ. ಖಾರವಿಲ್ಲದೆ ಅವನ ಕಿವಿ ಕೆಂಪಾದದ್ದನ್ನು ನಾನು ಕಂಡದ್ದು ಅಂದೇ. ಪೆಟ್ಟಿಗೆಯಿಂದ ಒಂದು ಡಬ್ಬಿ ತಂದು ಮಾವನ ಮುಂದಿಟ್ಟು, ನೆಲಕ್ಕೆ ಹಣೆ ಮುಟ್ಟಿಸಿದ.

"ಅಕ್ಕಂದು ತಪ್ಪಿಲ್ಲ. ತಿಗಣೆ ಸಾಯ್ಲಿ ಅಂತ ಚಾಪೆಗೆ ಡಿಡಿಟಿ ಪುಡಿ ಆಕಿದ್ದೆ. ಯಾರ್ಗೂ ಏಳ್ಲಿಲ್ಲ. ಉಳ ಕೊಂದೋನು ನಾನು."

"ಉಳದ ವಿದ್ಯೆ ಕಲಿಯಕ್ ಬಂದೋನು ಉಳಕ್ಕೇ ವಿಸ ಇಟ್ಬುಟ್ಯಲ್ಲಾ!" ಎಂದು ಮಾವ ಡಬ್ಬಿಯನ್ನು ಅಂಗಳಕ್ಕೆ ಎಸೆದರು. ನನ್ನನ್ನು ಬೇಗೂರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು.

ಮರುದಿನ ಸುದ್ದಿ ತಿಳಿದು ಚಾಮರಾಜನಗರದ ಅಧಿಕಾರಿ ಜೀಪಿನಲ್ಲಿ ಬಂದರು. ಅವರಿಗೆ ಒಂದೇ ಅನುಮಾನ. "ಜಗಲಿಯ ಚಾಪೆ ಒಳಗೆ ಹೇಗೆ ಬಂತು? ತಂದವರು ಯಾರು?" ಅತ್ತೆ ಕಂಬ ಹಿಡಿದು ನಿಂತಿದ್ದರು. ತಂದವರು ಅತ್ತೆ ಎನ್ನಲು ನಾನು ಬಾಯಿ ತೆರೆದೆ. ಅವನು ನನಗಿಂತ ಮೊದಲು, "ನಾನೇ ತಂದು ಆಸ್ದೆ" ಅಂದುಬಿಟ್ಟ.

"ಗೊತ್ತಿದ್ದೂ ವಿಷದ ಚಾಪೆ ಒಳಗೆ ತಂದೆಯಲ್ಲ! ನಿನ್ನ ಓದು ಇಲ್ಲಿಗೆ ಮುಗಿಯಿತು. ಸಾಮಾನು ಕಟ್ಟು" ಎಂದರು ಅಧಿಕಾರಿ.

ಜೀಪು ಹತ್ತುವ ಮೊದಲು ನೀರು ಕೊಡುವ ನೆವದಲ್ಲಿ ಹತ್ತಿರ ಹೋಗಿ, "ಯಾಕಂಗ್ ಅಂದೆ?" ಎಂದು ಕೇಳಿದೆ.

"ನಾನು ನಮ್ಮೂರ್ಗೆ ಓಯ್ತೀನಿ ಅಕ್ಕ. ನೀನು ಇವ್ರ್ ಜೊತೇಲೇ ಬಾಳ್ಬೇಕಲ್ಲ" ಎಂದ.

ಮುಂದಿನ ಬೆಳೆಗೆ ಹುಳು ಬಂದಾಗ ಅತ್ತೆ ನನ್ನನ್ನು ಕರೆದು, "ಮೊದಲ್ನೇ ಸೊಪ್ಪು ನೀನೇ ಆಕು ಕಣಮ್ಮಿ" ಎಂದರು. ಚಾಪೆಯ ಮಾತನ್ನು ಸಾಯುವವರೆಗೂ ಎತ್ತಲಿಲ್ಲ, ನನ್ನ ಮೇಲೆ ಮತ್ತೆ ದನಿ ಏರಿಸಲೂ ಇಲ್ಲ. ಈ ಮನೆಯಲ್ಲೇ ನನ್ನ ಮಕ್ಕಳು ಹುಟ್ಟಿದರು, ನನಗೂ ಸೊಸೆಯರು ಬಂದರು. ಅವನು ತನ್ನ ಓದನ್ನು ಕೊಟ್ಟು ನನ್ನ ಬಾಳು ಉಳಿಸಿದ. ಆ ಓದು ಮುಂದೆ ಅವನಿಗೆ ದಕ್ಕಿತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.