ಕಾಕಾಪೊ ಗೊತ್ತು, ಕೆಂಬೂತ ಗೊತ್ತಿಲ್ಲ

ನ್ಯೂಜಿಲೆಂಡಿನ ಹಕ್ಕಿಗಳ ಮೇಲೆ ನನಗಿರುವಷ್ಟು ಸಿಟ್ಟು ಅಲ್ಲಿನ ಬೆಕ್ಕುಗಳಿಗೂ ಇರಲಿಕ್ಕಿಲ್ಲ. ಅವು ನನಗೇನೂ ಮಾಡಿಲ್ಲ, ಒಪ್ಪುತ್ತೇನೆ. ಏನಾದರೂ ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಶಾಲೆ ಶಿವಮೊಗ್ಗದಲ್ಲಿ. ಒಂಬತ್ತನೇ ಕ್ಲಾಸಿನವರನ್ನು ಮಂಡಗದ್ದೆಯ ಪಕ್ಷಿಧಾಮಕ್ಕೆ ಕರೆದೊಯ್ಯುವುದೆಂದೂ, ‘ನೇಟಿವ್ ಬರ್ಡ್ಸ್’ ಪ್ರಾಜೆಕ್ಟನ್ನು ಚೆನ್ನಾಗಿ ಒಪ್ಪಿಸಿದವರಿಗೆ ಅಲ್ಲಿ ಹಕ್ಕಿಗಳ ಬಗ್ಗೆ ಹೇಳಲು ಮೈಕ್ ಕೊಡುವುದೆಂದೂ ಸೈನ್ಸ್ ಮೇಡಂ ಸಾರಿದರು. ನಾನು ಮೈಕಿಗಾಗಿಯೇ ಹುಟ್ಟಿದವಳು. ಹುಟ್ಟಿದಾಗ ನನ್ನ ಅಳು ಭದ್ರಾ ಹೊಳೆಯಾಚೆಗೂ ಕೇಳಿಸಿತಂತೆ. ಅಮ್ಮ ಅಲ್ಲಗಳೆಯುತ್ತಾಳೆ, ಆದರೆ ಅವಳಾಗ ಸುಸ್ತಾಗಿದ್ದಳು.

ನಮ್ಮ ಕಡೆ ಪ್ರಾಜೆಕ್ಟನ್ನು ಯಾರೂ ಮಾಡುವುದಿಲ್ಲ, ಜೆರಾಕ್ಸ್ ಅಂಗಡಿಯಿಂದ ತರುತ್ತಾರೆ. ವಿಷಯ ಹೇಳಿದರೆ ಸಾಕು, ಅಂಗಡಿಯ ಅಣ್ಣ ನೆಟ್ಟಿನಿಂದ ಇಳಿಸಿ, ಬಣ್ಣದಲ್ಲಿ ಅಚ್ಚು ಹಾಕಿ, ಸ್ಪೈರಲ್ ಸುತ್ತಿ ಕೊಡುತ್ತಾನೆ. ಮನೆಗೆ ಬಂದು ಬಿಚ್ಚಿದರೆ ಪುಟಪುಟಕ್ಕೂ ನ್ಯೂಜಿಲೆಂಡ್, ಹಕ್ಕಿಗಳಿಗೆಲ್ಲ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಇಟ್ಟ ಹೆಸರು. ವಾಪಸ್ ಓಡಿದೆ. ಅಣ್ಣ ತಲೆಯೆತ್ತಲೂ ಇಲ್ಲ.

“ಹಕ್ಕಿ ಹಕ್ಕಿನೇ ಅಲ್ವಾ ಮಾರಾಯ್ತಿ. ಕಲರ್ ಪ್ರಿಂಟು ವಾಪಸ್ ತಗಳಲ್ಲ.”

ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಉರು ಹೊಡೆದೆ. ಕಾಕಾಪೊ ಹಾರಲಾರದ ದಢೂತಿ ಗಿಳಿ. ಕಾಕಾ ಅಂದರೆ ಗಿಳಿ, ಪೊ ಅಂದರೆ ರಾತ್ರಿ. ಕೆರೆರು ಎಂಬ ಪಾರಿವಾಳ ಹುಳಿತ ಹಣ್ಣು ತಿಂದು, ಅಮಲೇರಿ ಮರದಿಂದ ಬೀಳುವುದುಂಟು. ಕಿವಿ ಎಂಬ ಹಕ್ಕಿಗೆ ಮೂಗಿನ ಹೊಳ್ಳೆ ಇರುವುದು ಕೊಕ್ಕಿನ ತುದಿಯಲ್ಲಿ. ಕೇಆ ಎಂಬ ಗಿಳಿ ನಿಂತ ಕಾರಿನ ರಬ್ಬರು ಕಿತ್ತು ಹಾಕುತ್ತದೆ. ಅದನ್ನು ಜೆರಾಕ್ಸ್ ಅಣ್ಣನ ಬೈಕಿನ ಮೇಲೆ ಬಿಡಬೇಕೆಂದು ನನಗೆ ಬಹಳ ಆಸೆ.

ಒಪ್ಪಿಸುವ ದಿನ ನನಗಿಂತ ಮೊದಲು ಹೊಳಲೂರಿನ ಸಹನಾ ಎದ್ದಳು. ಕೈಯಲ್ಲಿ ಹಾಳೆಯೂ ಇಲ್ಲ. ಗದ್ದೆಗೆ ಬರುವ ಕೆಂಬೂತ, ಅಂಗಳದ ಪಿಕಳಾರ, ಎಮ್ಮೆಯ ಬೆನ್ನೇರುವ ಗೊರವಂಕ ಎಂದು, ತನ್ನ ಅಜ್ಜಿ ಹೇಳಿಕೊಟ್ಟ ಹಾಗೆ ಹೇಳತೊಡಗಿದಳು. ಮೇಡಂ ನಡುವೆಯೇ ತಡೆದರು.

“ಹಳ್ಳಿ ಹೆಸರೆಲ್ಲ ಬೇಡಮ್ಮ. ಸರಿಯಾದ ಹೆಸರು ಹೇಳು.”

ಸಹನಾ ಕೂತುಬಿಟ್ಟಳು. ನಾನು ಎದ್ದು ರುರು, ಕೆರೆರು, ಕಾಕಾಪೊ ಎಂದು ಗುಡುಗಿದೆ. ಮೇಡಂ ‘ಇಂಟರ್‌ನ್ಯಾಷನಲ್ ಲೆವೆಲ್’ ಎಂದು ಮೈಕನ್ನು ನನಗೇ ಕೊಟ್ಟರು.

ಗೆದ್ದೆ ನಿಜ, ಆದರೆ ಮೈಯೆಲ್ಲ ಉರಿಯತೊಡಗಿತು. ರುರು ಅಂದರೆ ಒಂದು ಗೂಬೆ. ಅದು ಕೂಗಿದ್ದನ್ನೇ ಕೇಳಿ ಯಾವುದೋ ಮಾವೊರಿ ಅಜ್ಜಿ ಅದಕ್ಕೆ ಆ ಹೆಸರಿಟ್ಟಿರಬೇಕು. ಇಂಗ್ಲಿಷ್ ಪುಸ್ತಕವೂ ಬಾಯಿ ಮುಚ್ಚಿಕೊಂಡು ಹಾಗೇ ಅಚ್ಚು ಹಾಕುತ್ತದೆ. ಆ ಅಜ್ಜಿಯದು ಇಂಟರ್‌ನ್ಯಾಷನಲ್, ಹೊಳಲೂರಿನ ಅಜ್ಜಿಯದು ಹಳ್ಳಿ ಹೆಸರು! ಮಾವೊರಿಗಳು ತಮ್ಮ ಹೆಸರನ್ನು ಬಿಡಲಿಲ್ಲ. ನಾವು ನಮ್ಮದನ್ನು ಕ್ಲಾಸಿನಲ್ಲೇ ಕೂರಿಸಿಬಿಟ್ಟೆವು. ಕೂರಿಸಿ ಗೆದ್ದವಳು ನಾನೇ ಎಂಬುದಕ್ಕಂತೂ ಯಾರನ್ನು ಬೈಯಲಿ?

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಎಲೆಗಿಂತ ಹಕ್ಕಿಯೇ ಹೆಚ್ಚು. ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ‘ಅದು ಬಿಳಿ ಹಕ್ಕಿ, ಇದು ಕರಿ ಹಕ್ಕಿ’ ಎಂದೆ. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ನೀರಿನಿಂದ ಹಾವಿನಂಥ ಕುತ್ತಿಗೆಯೊಂದು ಎದ್ದಾಗ ಮೇಡಂ, “ಅದೇನು, ಹೇಳು?” ಎಂದರು. ಪಕ್ಕದಲ್ಲಿದ್ದ ಸಹನಾಳನ್ನು ತಿವಿದೆ.

“ನೀನೇ ಹೇಳೆ. ನಿಂದು ಇಂಟರ್‌ನ್ಯಾಷನಲ್ ಅಲ್ವಾ?” ಎಂದು ಅವಳು ಮುಖ ತಿರುಗಿಸಿದಳು.

“ನಂದು ಜೆರಾಕ್ಸು ಕಣೆ. ಹೇಳು, ಮಾನ ಹೋಗ್ತಿದೆ.”

ಅದು ಮೈಕಿನಲ್ಲೇ ಕೇಳಿಸಿತು. ಎಲ್ಲರೂ ನಕ್ಕು ಮುಗಿಸುವವರೆಗೆ ಸಹನಾ ಕಾದಳು. ಆಮೇಲೆ ಕೈ ಚಾಚಿದಳು. ಮೈಕ್ ಕೊಡಲು ನನಗೆ ಮನಸ್ಸು ಬರಲಿಲ್ಲ. ನಾನೇ ಹಿಡಿದುಕೊಂಡು ಅವಳ ಬಾಯಿಗೆ ಒಡ್ಡಿದೆ. ಹಾವಕ್ಕಿ ಮೈಯೆಲ್ಲ ಮುಳುಗಿಸಿ ಕುತ್ತಿಗೆ ಮಾತ್ರ ಮೇಲಿಟ್ಟು ಈಜುವುದನ್ನೂ, ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುವುದನ್ನೂ ಅವಳು ಹೇಳುತ್ತಾ ಹೋದಳು. ಮೇಡಂ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು, ಕನ್ನಡದಲ್ಲೇ.

ಅರ್ಧ ಗಂಟೆ ಹಿಡಿದು ನನ್ನ ಕೈ ಬಿದ್ದುಹೋಯಿತು. ಬಾಯಿ ಮುಚ್ಚಿಕೊಂಡಿರುವುದಕ್ಕೂ ಇಷ್ಟೊಂದು ಶಕ್ತಿ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.